ಬರಿಗೈಯಲ್ಲಿ ಹಿಂದಿರುಗಿದವರ ಲೆಕ್ಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನನ್ನ ವೃತ್ತಿಗೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದರು. ಭಂಡಾರಕವಠೆಯಲ್ಲಿ ಕನ್ನಡ ಅಕ್ಷರ ಕಲಿತು, ಗ್ರಂಥಪಾಲನಾಗಿ ಬಾಳಿದವನು ನಾನು. ಉನ್ನತ ಶಿಕ್ಷಣದ ಗ್ರಂಥಾಲಯಗಳಲ್ಲಿ ಪುಸ್ತಕ ಖರೀದಿಯ ಹಣವನ್ನು ಅಂಕಿ-ಅಂಶಗಳ ಆಧಾರದಿಂದ ಹಂಚುವ ಬಗೆ ಯಾವುದು, ಆ ಅಂಕಿಗಳು ದಾರಿ ತಪ್ಪಿಸುವುದು ಎಲ್ಲಿ ಎಂಬುದನ್ನು ಇಲ್ಲಿ ನಿವೇದಿಸುತ್ತೇನೆ. ಗಡಿಭಾಗದ ನಮ್ಮ ಮಕ್ಕಳ ಕನ್ನಡ ಓದಿಗೂ ಈ ವಿಷಯಕ್ಕೂ ನೇರ ಸಂಬಂಧವಿದೆ.

ಗಣಿತದ ಅಧ್ಯಾಪಕರಾಗಿದ್ದ ಡಾ. ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದು. ಎರಡನೆಯದರದು, ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ದೊರೆಯಬೇಕು ಎಂಬುದು. ಖರೀದಿಯ ವಿಚಾರವೆಲ್ಲ ಈ ಎರಡರಲ್ಲಿ ಅಡಗಿದೆ.

ಉಪಯೋಗವನ್ನು ಅಳೆಯದೆ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೇರಿಕೆಯ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನ ಪ್ರಸಿದ್ಧವಾಗಿದೆ. 1979ರಲ್ಲಿ ಪ್ರಕಟವಾದ ಈ ಅಧ್ಯಯನದಂತೆ, 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಪ್ರತಿಶತ ಸುಮಾರು 40ರಷ್ಟು ಮುಂದಿನ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ. ಆದರೆ ಗ್ರಂಥಾಲಯದಲ್ಲೇ ಕುಳಿತು ಓದಿದ ಪುಸ್ತಕ ಎರವಲಿನ ಲೆಕ್ಕಕ್ಕೆ ಬರುವುದಿಲ್ಲವೆಂಬ ಆಕ್ಷೇಪವೂ ಆಗ ಎದ್ದಿತು. ಅದು ಯೋಗ್ಯವಾದ ಆಕ್ಷೇಪವೇ ಸರಿ.

ಲೆಕ್ಕದ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ಗ್ರಂಥಾಲಯದಲ್ಲಿ 10,000 ಪುಸ್ತಕಗಳಿವೆ. ಅವುಗಳಲ್ಲಿ ಕನ್ನಡದವು 300. ವರ್ಷದಲ್ಲಿ 5,000 ಎರವಲುಗಳಾದವು. ಅವುಗಳಲ್ಲಿ ಕನ್ನಡದವು 300. ಐದು ಸಾವಿರದಲ್ಲಿ ಮುನ್ನೂರು ಎಂದೊಡನೆ ಅಲ್ಪವೆನಿಸುತ್ತದೆ. ಆದರೆ ಸಂಗ್ರಹದಲ್ಲಿ ಕನ್ನಡದ ಪಾಲು ಪ್ರತಿಶತ 3 ಇದ್ದರೆ ಎರವಲಿನಲ್ಲಿ ಪ್ರತಿಶತ 6 ಇದೆ. ಅಂದರೆ ಆ ಪುಸ್ತಕಗಳು ತಮ್ಮ ಪಾಲಿಗಿಂತ ಇಮ್ಮಡಿ ದುಡಿದಿವೆ. ಹಣ ಹೆಚ್ಚಿಸಬೇಕಾದುದು ಅಲ್ಲಿಯೇ. ಬೆಲೆಯ ಮಾತೂ ಹೀಗೆಯೇ: 400 ರೂಪಾಯಿಯ ಪುಸ್ತಕವನ್ನು 20 ಜನ ಒಯ್ದರೆ ಒಂದು ಓದಿಗೆ ಬಿದ್ದ ವೆಚ್ಚ 20 ರೂಪಾಯಿ, 150 ರೂಪಾಯಿಯದನ್ನು ಒಬ್ಬನೇ ಒಯ್ದರೆ 150 ರೂಪಾಯಿ. ಯಾವುದು ಸೋವಿ?

ಇಷ್ಟನ್ನು ಬಲ್ಲ ನಾನೇ ಒಮ್ಮೆ ತಪ್ಪು ಮಾಡಿದೆ. ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿದ್ದಾಗ ಭಾಷಾವಾರು ಎರವಲಿನ ತಖ್ತೆ ಮಾಡಿದೆ. ಕನ್ನಡ ಕೊನೆಯಲ್ಲಿತ್ತು. ಪಾಲಿನ ಲೆಕ್ಕ ಹಾಕದೆ, ಬರಿಯ ಸಂಖ್ಯೆ ನೋಡಿ, ಕನ್ನಡದ ಹಣವನ್ನು ಕಡಿಮೆ ಮಾಡಲು ನಾನೇ ಶಿಫಾರಸು ಬರೆದೆ. ಮರುವರ್ಷ ಎರವಲು ಇನ್ನೂ ಇಳಿಯಿತು. ನನ್ನ ನಿರ್ಣಯವೇ ಸರಿಯಾಯಿತೆಂದು ಸಮಾಧಾನಪಟ್ಟೆ.

ಒಂದು ದಿನ ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದ ಹುಡುಗಿಯೊಬ್ಬಳು, "ಸರ್, ಕನ್ನಡದ್ದು ಹೊಸಾ ಪುಸ್ತಕ ಬಂದಾವೇನ್ರೀ?" ಎಂದಳು. ಇಲ್ಲವೆಂದೆ. "ಹೋದ ವರ್ಷ ನಮ್ಮ ಅಕ್ಕನೂ ಕೇಳಿ ಹೋಗಿದ್ಲರೀ" ಎಂದು ಹೇಳಿ ಹೊರಟುಹೋದಳು. ಆ ಅಕ್ಕ ಕೇಳಿದ್ದು ನನ್ನ ಯಾವ ವಹಿಯಲ್ಲಿಯೂ ಇರಲಿಲ್ಲ; ಈ ತಂಗಿ ಕೇಳಿದ್ದೂ ಇರುತ್ತಿರಲಿಲ್ಲ. ಎರವಲಿನ ವಹಿ ಕಪಾಟಿನಲ್ಲಿ ಇದ್ದುದನ್ನು ಮಾತ್ರ ಎಣಿಸುತ್ತದೆ. ಬಿತ್ತದ ಹೊಲದಲ್ಲಿ ಜೋಳ ಬರಲಿಲ್ಲವೆಂದು ನೆಲವನ್ನು ದೂರಿದ ಒಕ್ಕಲಿಗನಂತಾಗಿತ್ತು ನನ್ನ ಸ್ಥಿತಿ.

ಅಂದಿನಿಂದ ಮೇಜಿನ ಮೇಲೆ ಇನ್ನೊಂದು ವಹಿ ಇಟ್ಟೆ. ಕೇಳಿದ ಪುಸ್ತಕ, ದಿನಾಂಕ, ದೊರೆಯದಿರಲು ಕಾರಣ ಎಂದು ಮೂರೇ ಅಂಕಣ. ಸಂಜೆ ಮೇಜುಗಳ ಮೇಲೆ ಉಳಿದ ಪುಸ್ತಕಗಳನ್ನೂ ಕಪಾಟಿಗೆ ಸೇರಿಸುವ ಮುನ್ನ ಎಣಿಸಿಡತೊಡಗಿದೆ. ಮುಂದಿನ ಅಂದಾಜುಪತ್ರಿಕೆಯನ್ನು ಮೂರು ಲೆಕ್ಕಗಳನ್ನೂ ಕೂಡಿಸಿ ಬರೆದು, ಹಿಂದಿನ ಶಿಫಾರಸನ್ನು ಹಿಂತೆಗೆದುಕೊಂಡೆ. ಕನ್ನಡದ್ದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಕೊಳ್ಳಲಿಲ್ಲ. ಯಾರೂ ಮುಟ್ಟದ ಕನ್ನಡ ಪುಸ್ತಕಗಳೂ ಇದ್ದವು. ಅಂಥವುಗಳ ಎರಡನೆಯ ಪ್ರತಿಯನ್ನು ತರಿಸುವುದನ್ನು ಬಿಟ್ಟೆ. ಲೆಕ್ಕ ಎಂದ ಮೇಲೆ ಅದು ಎಲ್ಲರಿಗೂ ಒಂದೇ ಆಗಿರಬೇಕು.

1962ರಲ್ಲಿ ಸ್ಥಾಪಿತವಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ 2004ರಲ್ಲಿ ಸೊಲ್ಲಾಪುರದಲ್ಲಿಯೇ ವಿಶ್ವವಿದ್ಯಾಲಯ ಬಂದಿತು. ಉನ್ನತ ಶಿಕ್ಷಣ ನಮ್ಮ ಮಕ್ಕಳಿಗೆ ಹತ್ತಿರವಾಯಿತು. ಇಂದು ಕಂಪ್ಯೂಟರು ಎರವಲಿನ ಲೆಕ್ಕವನ್ನು ಕ್ಷಣಾರ್ಧದಲ್ಲಿ ಕೊಡುತ್ತದೆ. ಆದರೆ ಬರಿಗೈಯಲ್ಲಿ ಹಿಂದಿರುಗಿದವರ ಲೆಕ್ಕವನ್ನು, ಯಾರಾದರೂ ಬರೆದಿಟ್ಟರೆ ಮಾತ್ರ ಅದು ಕೊಟ್ಟೀತು.

ಆದ್ದರಿಂದ ಈ ಶಾಲೆಯಿಂದ ಕಾಲೇಜಿಗೆ ಹೋಗುವ ತಮ್ಮ-ತಂಗಿಯರಲ್ಲಿ ನನ್ನದೊಂದು ವಿನಂತಿ. ಬೇಕಾದ ಕನ್ನಡ ಪುಸ್ತಕ ಸಿಗದಿದ್ದರೆ ಸುಮ್ಮನೆ ಮರಳಬೇಡಿರಿ. ಅದರ ಹೆಸರನ್ನು ಬರೆದುಕೊಟ್ಟು ಬನ್ನಿರಿ. ನಮ್ಮ ಶಾಲೆಯ ಪುಸ್ತಕದ ಕಪಾಟಿನ ಬಳಿಯೂ ಇಂಥದೊಂದು ವಹಿ ಇರಲೆಂದು ಗುರುಗಳಲ್ಲಿ ಪ್ರಾರ್ಥಿಸುತ್ತೇನೆ. ಆ ವಹಿಯ ಮೊದಲ ಪುಟದಲ್ಲಿ ಮಕ್ಕಳು ಬರೆಯುವ ಪುಸ್ತಕಗಳನ್ನು ಕೊಡಿಸುವ ಭಾರ ನನ್ನದು.