ಪರರು ಸಾಕಿದ ಹಾವನ್ನು ಸ್ವೀಕರಿಸುವ ಮುನ್ನ

ಅಮೆರಿಕದಲ್ಲಿ ಹಾವನ್ನು ಸಾಕುವುದು ಹಲವರ ಹವ್ಯಾಸವಾಗಿರುವುದರಿಂದ, ಓದು ಮುಗಿಸಿ ಊರು ಬಿಡುವ ತರುಣನೊಬ್ಬ ತಾನು ಉತ್ಸಾಹದ ಭರದಲ್ಲಿ ಕೊಂಡ ಬಾಲ್ ಪೈಥಾನನ್ನೂ ಕಾರ್ನ್ ಸ್ನೇಕನ್ನೂ ಗಾಜಿನ ತೊಟ್ಟಿಯ ಸಮೇತ ಯಾರಿಗಾದರೂ ಕೊಟ್ಟುಬಿಡಲು ಹೊರಡುವ ಪ್ರಸಂಗ ಅಲ್ಲಿ ಅಪರೂಪವಲ್ಲ. ಇಂಥ ಕೋರಿಕೆ ಅಲ್ಲಿನ ಕನ್ನಡಿಗರ ಮನೆಬಾಗಿಲಿಗೂ ಬರಬಹುದು. ಆಗ ಮೊದಲು ಮೂಡುವ ಭಾವ ಕನಿಕರ. ಆದರೆ ಸಿದ್ಧತೆಯಿಲ್ಲದ ಕನಿಕರ ಆ ಮೂಕಜೀವಿಯನ್ನು ಒಬ್ಬ ಅನನುಭವಿಯ ಕೈಯಿಂದ ಇನ್ನೊಬ್ಬ ಅನನುಭವಿಯ ಕೈಗೆ ದಾಟಿಸುವುದಲ್ಲದೆ ಬೇರೇನನ್ನೂ ಸಾಧಿಸದು.

ಪ್ರಥಮತಃ ಕಾನೂನನ್ನು ವಿಚಾರಿಸತಕ್ಕದ್ದು. ಹವಾಯಿಯಲ್ಲಿ ಹಾವನ್ನು ಸಾಕುವುದಕ್ಕೇ ಅನುಮತಿಯಿಲ್ಲ. ಇತರ ರಾಜ್ಯಗಳಲ್ಲಿ ನಗರಗಳ ನಿಯಮವೂ ಬಾಡಿಗೆ ಮನೆಯ ಕರಾರೂ ಬೇರೆ ಬೇರೆ. ನಮ್ಮ ನಾಡಿನಲ್ಲಾದರೋ ಕೇರೆ, ಮಣ್ಣುಮುಕ್ಕ, ಹೆಬ್ಬಾವು ಮೊದಲಾದ ದೇಶೀಯ ಹಾವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಷಿದ್ಧ. ಬಾಲ್ ಪೈಥಾನಿನಂಥ ವಿದೇಶೀ ಜಾತಿಗೂ 2024ರ ನಿಯಮಗಳ ಮೇರೆಗೆ ನೋಂದಣಿ ಆವಶ್ಯಕವಾದ್ದರಿಂದ, ದಾಖಲೆಯಿಲ್ಲದ ಹಾವನ್ನು ದಾನವಾಗಿಯೂ ಸ್ವೀಕರಿಸಕೂಡದು.

ಎರಡನೆಯದಾಗಿ ಆಯುಷ್ಯದ ಮಾತು. ಕಾರ್ನ್ ಸ್ನೇಕ್ 15-20 ವರ್ಷ, ಬಾಲ್ ಪೈಥಾನ್ 20-30 ವರ್ಷ ಬದುಕುವುದು ಸಾಮಾನ್ಯ. ಸೇಂಟ್ ಲೂಯಿಸ್ ನಗರದ ಮೃಗಾಲಯಕ್ಕೆ 1961ರಲ್ಲಿ ಖಾಸಗಿ ವ್ಯಕ್ತಿಯೊಬ್ಬರಿಂದ ಬಂದ ಬಾಲ್ ಪೈಥಾನೊಂದು, 60 ವರ್ಷ ದಾಟಿದ ಮೇಲೆ, 2020ರಲ್ಲಿ ಮೊಟ್ಟೆಯಿಟ್ಟಿತು. ಹತ್ತು ವರ್ಷದ ಮಗನ ಆಸೆಗಾಗಿ ತಂದ ಹಾವು ಮಗ ಮನೆ ಬಿಟ್ಟ ಮೇಲೂ ತಾಯಿಯ ಪಾಲಿಗೆ ಉಳಿಯುವುದೆಂಬುದನ್ನು ಈಗಲೇ ನೆನೆಯಬೇಕು. ಮನೆಯಲ್ಲಿ 5 ವರ್ಷದೊಳಗಿನ ಮಕ್ಕಳೋ ವೃದ್ಧರೋ ರೋಗನಿರೋಧಕ ಶಕ್ತಿ ಕುಂದಿದವರೋ ಇದ್ದಲ್ಲಿ, ಉರಗಗಳ ಮೈಮೇಲಿರುವ ಸಾಲ್ಮೊನೆಲ್ಲಾ ರೋಗಾಣುವಿನ ಭಯದಿಂದ, ನಿರಾಕರಿಸುವುದೇ ಯುಕ್ತ.

ಇಷ್ಟನ್ನೂ ದಾಟಿದವರು ಹಾವನ್ನು ಅದರ ಈಗಿನ ಮನೆಯಲ್ಲಿಯೇ, ಹಗಲಿನ ಬೆಳಕಿನಲ್ಲಿ, ಹೋಗಿ ನೋಡಬೇಕು. ಎರಡು ಜಾತಿಗಳು ಒಂದೇ ತೊಟ್ಟಿಯಲ್ಲಿದ್ದರೆ ಅದು ಅನನುಭವದ ಸ್ಪಷ್ಟ ಚಿಹ್ನೆ. ಏಕೆಂದರೆ ಬಾಲ್ ಪೈಥಾನ್ ಬೆಚ್ಚಗಿನ ಮೂಲೆಯಲ್ಲಿ 31-33 ಡಿಗ್ರಿ ಸೆಲ್ಸಿಯಸ್ ಉಷ್ಣವನ್ನೂ ಹೆಚ್ಚಿನ ಆರ್ದ್ರತೆಯನ್ನೂ ಬಯಸಿದರೆ, ಕಾರ್ನ್ ಸ್ನೇಕಿಗೆ ಅದಕ್ಕಿಂತ ತಂಪಾದ, ಒಣಗಿದ ನೆಲೆ ಹಿತ. ಥರ್ಮೋಸ್ಟಾಟಿಲ್ಲದ ಕಾವಿನ ಹಲಗೆಯಿದ್ದಲ್ಲಿ ಹೊಟ್ಟೆಯ ಹುರುಪೆಗಳಲ್ಲಿ ಸುಟ್ಟ ಗಾಯವನ್ನು ಹುಡುಕಿರಿ. ನೀರಿನ ಬಟ್ಟಲಿನ ತಳದಲ್ಲಿ ಮೆಣಸಿನ ಪುಡಿಯಂಥ ಕರಿಯ ಚುಕ್ಕೆಗಳಿದ್ದರೆ ಅವು ನುಸಿ. ಕಣ್ಣಿನ ಮೇಲೆ ಹಳೆಯ ಪೊರೆ ಅಂಟಿ ಉಳಿದಿದೆಯೇ, ಉಸಿರಿನಲ್ಲಿ ಶಿಳ್ಳೆಯ ಸದ್ದೋ ಮೂಗಿನಲ್ಲಿ ನೊರೆಯೋ ಕಾಣುವುದೇ, ಬೆನ್ನೆಲುಬು ಎದ್ದು ತೋರುವುದೇ ಎಂಬುದನ್ನು ನಿಧಾನವಾಗಿ ಪರೀಕ್ಷಿಸಬೇಕು. ಕೊನೆಯ ಬಾರಿ ಏನು ತಿಂದಿತು, ಯಾವಾಗ ಪೊರೆ ಕಳಚಿತು ಎಂದು ಒಡೆಯನನ್ನು ಕೇಳುವಾಗ ಸ್ವರದಲ್ಲಿ ಆಕ್ಷೇಪ ಬೇಡ. ನಾಚಿದವನು ಸತ್ಯವನ್ನು ಮುಚ್ಚಿಡುತ್ತಾನೆ, ಮುಚ್ಚಿಟ್ಟ ಸತ್ಯದಿಂದ ನೋಯುವುದು ಹಾವು. ಬಾಲ್ ಪೈಥಾನ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವುದು ಅದರ ಸ್ವಭಾವವೇ ಆದ್ದರಿಂದ, ಮೈ ತುಂಬಿಕೊಂಡಿರುವ ಹಾವಿನ ಉಪವಾಸವೊಂದೇ ನಿರಾಕರಣೆಗೆ ಕಾರಣವಾಗಬೇಕಿಲ್ಲ.

ನುಸಿ, ಉಳಿದ ಪೊರೆ, ಕೃಶತೆ ಇವು ತಾಳ್ಮೆಯಿಂದಲೂ ಚಿಕಿತ್ಸೆಯಿಂದಲೂ ನೀಗುವ ದೋಷಗಳು. ಶ್ವಾಸರೋಗಕ್ಕೆ ಉರಗಗಳನ್ನು ಬಲ್ಲ ಪಶುವೈದ್ಯರ ಅಭಿಪ್ರಾಯ ಮೊದಲು, ಒಪ್ಪಿಗೆ ಆಮೇಲೆ. ತಲೆ ಓಲಾಡಿಸುವ ಪೈಥಾನು 'ಸ್ಪೈಡರ್' ಎಂಬ ಬಣ್ಣದ ತಳಿಯದಾಗಿದ್ದರೆ ಅದು ಜನ್ಮಜಾತ ದೋಷ, ಒಡೆಯನ ತಪ್ಪಲ್ಲ, ಅದಕ್ಕೆ ಮದ್ದೂ ಇಲ್ಲ. ಆ ತಳಿಯದಲ್ಲದ ಹಾವಿನಲ್ಲಿ ಅದೇ ಲಕ್ಷಣ ಕಂಡರೆ ಮಾರಕ ವೈರಾಣುವಿನ ಶಂಕೆಯಿರುವುದರಿಂದ, ಮನೆಯಲ್ಲಿ ಈಗಾಗಲೇ ಹಾವುಗಳಿರುವವರು ಅದನ್ನು ತರಕೂಡದು.

ಸ್ವೀಕರಿಸುವುದಕ್ಕೂ ಮುಂಚೆ ಇನ್ನೊಂದು ಮಾರ್ಗವುಂಟು, ಅದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಒಡೆಯನಿಗೆ ಹಾವನ್ನು ಬಿಡುವ ಮನಸ್ಸಿಲ್ಲದೆ, ಕೇವಲ ಅಜ್ಞಾನದಿಂದ ಕಂಗೆಟ್ಟಿದ್ದರೆ, ಒಂದು ಥರ್ಮೋಸ್ಟಾಟ್, ಎರಡನೆಯ ತೊಟ್ಟಿ, ಅಡಗಲು ಒಂದು ಗೂಡು, ಇವನ್ನು ಒದಗಿಸಿ ಕಲಿಸಿಕೊಡುವುದು ಹಾವನ್ನು ಸ್ಥಳಾಂತರಿಸುವುದಕ್ಕಿಂತ ಎಷ್ಟೋ ಲೇಸು. ನಿಮಗೂ ಆಗದು, ಅವನಿಗೂ ಆಗದು ಎಂದಾದರೆ ಸಮೀಪದ ಉರಗಪ್ರಿಯರ ಸಂಘವನ್ನೋ ರಕ್ಷಣಾಕೇಂದ್ರವನ್ನೋ ಹುಡುಕಿಕೊಡಿರಿ. ಬಯಲಿಗೆ ಬಿಡುವ ಮಾತನ್ನು ಮಾತ್ರ ಯಾರೂ ಆಡಬಾರದು. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗು ನೆಲದಲ್ಲಿ, ಸಾಕಿದವರ ಕೈಬಿಟ್ಟು ಹೋದ ಬರ್ಮಾ ಹೆಬ್ಬಾವುಗಳ ಸಂತತಿ ಅಲ್ಲಿನ ಮಧ್ಯಮ ಗಾತ್ರದ ಸಸ್ತನಿಗಳನ್ನು ಬಹುಮಟ್ಟಿಗೆ ಬರಿದುಮಾಡಿದೆ.

ಸ್ವೀಕರಿಸುವುದೆಂದು ನಿಶ್ಚಯಿಸಿದವರು ಹೊಸ ತೊಟ್ಟಿಯ ಉಷ್ಣಾಂಶವನ್ನು ಕೆಲವು ದಿನ ಮುಂಚಿತವಾಗಿ ಸ್ಥಿರಪಡಿಸಿ, ಎರಡು ಹಾವುಗಳಿಗೂ ಪ್ರತ್ಯೇಕ ನೆಲೆಗಳನ್ನು ಒದಗಿಸಿದ ನಂತರವೇ ಅವನ್ನು ತರಬೇಕು. ಮನೆಯಲ್ಲಿ ಬೇರೆ ಹಾವುಗಳಿದ್ದಲ್ಲಿ ಹೊಸ ಹಾವುಗಳನ್ನು ಮೂರು ತಿಂಗಳು ಇನ್ನೊಂದು ಕೋಣೆಯಲ್ಲಿಟ್ಟು, ಅವುಗಳ ಸೇವೆಯನ್ನು ಕೊನೆಗೆ ಮಾಡಿ ಕೈ ತೊಳೆಯಬೇಕು. ಮೊದಲ ಒಂದು ವಾರ ಮುಟ್ಟದೆ ಬಿಟ್ಟು, ಬಳಿಕ ಕರಗಿಸಿ ಬೆಚ್ಚಗೆ ಮಾಡಿದ ಇಲಿಯನ್ನು ಇಕ್ಕುಳದಲ್ಲಿ ನೀಡಿರಿ. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಲ್ಲುದು. ತಿಂದ ಮೇಲೆ ಎರಡು ದಿನ ಎತ್ತಬೇಡಿರಿ. ತಿನ್ನದಿದ್ದರೆ ತೂಕವನ್ನು ಬರೆದಿಟ್ಟುಕೊಂಡು, ಇನ್ನೊಂದು ವಾರ ಕಾದು ಮತ್ತೆ ನೀಡಿರಿ.