ಮಾನಸ ಸರೋವರದ ನಕ್ಷೆಗಳು: ಒಂದು ತೊರೆಯ ಪಾಠಾಂತರಗಳು

ಕೈಲಾಸದ ದಕ್ಷಿಣಕ್ಕೆ ಸುಮಾರು 4,590 ಮೀಟರ್ ಎತ್ತರದಲ್ಲಿರುವ ಮಾನಸ ಸರೋವರವನ್ನೂ ಅದರ ಪಶ್ಚಿಮದ ರಾಕ್ಷಸತಾಲವನ್ನೂ ಕೂಡಿಸುವ ತೊರೆಗೆ ಗಂಗಾ ಛು ಎಂದು ಹೆಸರು. ಇದು ಉಂಟೇ, ಇಲ್ಲವೇ ಎಂಬ ವಿಷಯದಲ್ಲಿ ಹಳೆಯ ದಾಖಲೆಗಳಿಗೆ ಒಮ್ಮತವಿಲ್ಲ.

ಫ್ರೆಂಚ್ ನಕ್ಷೆಗಾರ ದಾನ್‌ವಿಲ್ 1730ರ ದಶಕದಲ್ಲಿ ಸಿದ್ಧಪಡಿಸಿದ ಟಿಬೆಟ್ ನಕ್ಷೆಗೆ ಚೀನಾದ ಕಾಂಗ್‌ಶಿ ಚಕ್ರವರ್ತಿ ಕಳುಹಿಸಿದ್ದ ಲಾಮಾಗಳ ಮೋಜಣಿಯೇ ಆಧಾರ. ಅದರಲ್ಲಿ ಗಂಗೆಯು ಈ ಸರೋವರಗಳಿಂದಲೇ ಹೊರಡುತ್ತದೆ. ಇದನ್ನು ಕೇವಲ ಪುರಾಣದ ಪ್ರಭಾವವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಪಶ್ಚಿಮಕ್ಕೆ ಸಾಗುವ ಸಟ್ಲೆಜ್ ನದಿಯ ಮೇಲ್ಪಾತ್ರವನ್ನು ಅಲ್ಲಿ ಗಂಗೆಯೆಂದು ಬಗೆದಂತಿದೆ. ಹೆಸರು ತಪ್ಪಿದೆ, ಹರಿವು ಕಲ್ಪಿತವಲ್ಲ.

1812ರಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಮಾನಸದ ದಂಡೆಯಲ್ಲಿ ಹುಡುಕಿ, ಹೊರಹರಿವು ಕಾಣದೆ ಮರಳಿದನು. ಜೊತೆಗಿದ್ದ ಪಂಡಿತ ಹರ್‌ಬಲ್ಲಭ್ ಮಾತ್ರ, ತಾನು ವರ್ಷಗಳ ಹಿಂದೆ ಅಲ್ಲಿ ತೊರೆಯನ್ನು ಕಂಡಿದ್ದುದಾಗಿ ಹೇಳಿದನು. ಆ ಮಾತು ಪ್ರವಾಸ ವೃತ್ತಾಂತದಲ್ಲಿ ಉಳಿಯಿತು. ನಕ್ಷೆಯ ಗೆರೆಗೆ ಅಂತಹ ನೆನಪನ್ನು ಹಿಡಿದಿಡುವ ಶಕ್ತಿಯಿಲ್ಲ. 1846ರಲ್ಲಿ ಹೆನ್ರಿ ಸ್ಟ್ರಾಚಿ ಸುಮಾರು 100 ಅಡಿ ಅಗಲ, 3 ಅಡಿ ಆಳದ ಹರಿವನ್ನೇ ಕಂಡನು.

ಇಲ್ಲಿ ಸುಳ್ಳಾಡಿದವರು ಯಾರೂ ಇಲ್ಲ. ಮಾನಸದ ನೀರು ಏರಿದಾಗ ಹೆಚ್ಚಿನದು ತಗ್ಗಿನಲ್ಲಿರುವ ರಾಕ್ಷಸತಾಲಕ್ಕೆ ಇಳಿಯುತ್ತದೆ. ಮಟ್ಟ ಕುಸಿದರೆ ತೊರೆಯ ಬಾಯಿ ಬರಿದಾಗುತ್ತದೆ. ಆದ್ದರಿಂದ ಮೋಜಣಿಯ ವರ್ಷವನ್ನು ಬಿಟ್ಟು ಈ ನಕ್ಷೆಗಳನ್ನು ಓದುವುದು, ಲಿಪಿಕಾಲವನ್ನು ಗಮನಿಸದೆ ಹಸ್ತಪ್ರತಿಗಳ ಪಾಠ ನಿರ್ಣಯಿಸಿದಂತೆ. ಅನೇಕ ಸ್ಥಳವರ್ಣನಾ ನಕ್ಷೆಗಳಲ್ಲಿ ಋತುಕಾಲಿಕ ತೊರೆಗೆ ತುಂಡುಗೆರೆಯ ಸಂಕೇತವಿದೆ. ವರ್ಷಗಟ್ಟಲೆ ಬತ್ತಿದ್ದು ಮತ್ತೆ ಹರಿಯುವ ಗಂಗಾ ಛುವಿಗೆ ಅದೂ ಸಾಲದು.