ಕಟ್ಟಡದ ಧೂಳು ಮತ್ತು ನೆರೆಯವನ ಹಕ್ಕು

ಸ್ವಂತದ್ದೊಂದು ಸೂರು ಬೇಕೆಂಬುದು ಮನುಷ್ಯನ ಸಹಜ ಬಯಕೆ. ಇಸ್ಲಾಮ್ ಈ ಬಯಕೆಯನ್ನು ನಿಷೇಧಿಸಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟೋ ಯುವಕರು ಗಲ್ಫ್ ರಾಷ್ಟ್ರಗಳ ಬಿಸಿಲಲ್ಲಿ ವರ್ಷಗಟ್ಟಲೆ ದುಡಿದು ಊರಿನ ನಾಲ್ಕಾರು ಸೆಂಟ್ಸ್ ಜಾಗದಲ್ಲಿ ತಾಯಿತಂದೆಯರಿಗೊಂದು ಮನೆ ಕಟ್ಟಿಸುತ್ತಾರೆ. ಅದು ಶ್ಲಾಘನೀಯವೇ ಸರಿ. ಆದರೆ ಒಬ್ಬನ ಕನಸಿನ ಮನೆ ಮೇಲೇಳುತ್ತಿರುವಾಗ ಪಕ್ಕದ ಮನೆಯಲ್ಲಿ ಏನಾಗುತ್ತಿದೆ? ಒಗೆದು ಹರವಿದ ಬಟ್ಟೆಯ ಮೇಲೆ ಕೆಂಪು ಕಲ್ಲಿನ ಹುಡಿ, ಮುಚ್ಚಿಟ್ಟ ಅನ್ನದ ಪಾತ್ರೆಯ ಮೇಲೆ ಸಿಮೆಂಟ್, ರಾತ್ರಿಯಿಡೀ ಕೆಮ್ಮುವ ಮಗು, ಉಸಿರಿಗಾಗಿ ಒದ್ದಾಡುವ ವೃದ್ಧೆ. ಆರು ತಿಂಗಳಿನಿಂದ ಒಂದು ವರ್ಷದವರೆಗೆ ನಡೆಯುವ ಈ ಕೆಲಸ ಮುಗಿಯುವ ಹೊತ್ತಿಗೆ ಮನೆಯೇನೋ ಎದ್ದು ನಿಂತಿರುತ್ತದೆ, ಆದರೆ ಎರಡು ಮನೆಗಳ ನಡುವಿನ ಸಲಾಮ್ ನಿಂತು ಹೋಗಿರುತ್ತದೆ.

ಇದನ್ನು ಸಣ್ಣ ವಿಷಯವೆಂದು ತಳ್ಳಿ ಹಾಕುವಂತಿಲ್ಲ. ಇದರಲ್ಲಿ ಶುಚಿತ್ವದ ಪ್ರಶ್ನೆಯಿದೆ, ಆರಾಧನೆಯ ಪ್ರಶ್ನೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ನೆರೆಹೊರೆಯ ಹಕ್ಕಿನ ಪ್ರಶ್ನೆಯಿದೆ. ಒಂದೊಂದಾಗಿ ನೋಡೋಣ.

ಧೂಳು ಕೊಳೆ, ಆದರೆ ನಜಸ್ ಅಲ್ಲ

ಮೊದಲಿಗೆ ಮನೆಯ ಸಹೋದರಿಯರನ್ನು ಕಾಡುವ ಸಂದೇಹವನ್ನು ಪರಿಹರಿಸೋಣ. ಬಟ್ಟೆಯ ಮೇಲೆ, ಚಾಪೆಯ ಮೇಲೆ, ಮುಸಲ್ಲಾದ ಮೇಲೆ ಕಟ್ಟಡದ ಧೂಳು ಬಿದ್ದಿದೆ, ಇನ್ನು ನಮಾಝ್ ಆಗುತ್ತದೆಯೇ? ಖಂಡಿತವಾಗಿಯೂ ಆಗುತ್ತದೆ. ಕೊಳೆ ಬೇರೆ, ನಜಸ್ ಬೇರೆ. ಮಣ್ಣು ಸ್ವತಃ ಶುದ್ಧವಾದ ವಸ್ತು. ನೀರು ಸಿಗದಿದ್ದಾಗ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಲು ಸೂರಃ ಅಲ್-ಮಾಇದಃದ 6ನೇ ಸೂಕ್ತದಲ್ಲಿ ಅಲ್ಲಾಹನು ಅನುಮತಿ ನೀಡಿದ್ದಾನೆ. ಅಲ್ಲಾಹನೇ ಶುದ್ಧೀಕರಣದ ಸಾಧನವನ್ನಾಗಿ ಮಾಡಿರುವ ವಸ್ತು ನಮ್ಮ ಬಟ್ಟೆಗೆ ತಗಲಿದ ಮಾತ್ರಕ್ಕೆ ಅದನ್ನು ಅಶುದ್ಧಗೊಳಿಸುವುದು ಹೇಗೆ? ಕೊಡವಿ, ಒರೆಸಿ ನಮಾಝ್ ಮಾಡಿದರೆ ಸಾಕು. ಮೈಮೇಲೆ ಧೂಳು ಬಿದ್ದುದರಿಂದ ವುಝೂ ಮುರಿಯುವುದೂ ಇಲ್ಲ. ಮಳೆಗಾಲದಲ್ಲಿ ಲಾರಿಗಳು ಓಡಾಡಿ ಕೆಸರಾದ ಬೀದಿಯಲ್ಲಿ ನಡೆಯುವಾಗ ಸಿಡಿಯುವ ರಾಡಿಯೂ, ಅದರಲ್ಲಿ ಮಾಲಿನ್ಯ ಬೆರೆತಿರುವುದು ಖಚಿತವಾಗದಿರುವವರೆಗೆ, ನಮಾಝಿಗೆ ಅಡ್ಡಿಯಲ್ಲ.

ಬಕೆಟ್ಟಿನ ನೀರಿಗೆ ಮಣ್ಣಿನ ಧೂಳು ಬಿದ್ದು ಬಣ್ಣ ತುಸು ಬದಲಾದರೂ, ನೀರಿನ ತೆಳುತನ ಉಳಿದಿರುವವರೆಗೆ ಅದರಿಂದ ವುಝೂ ಮಾಡಬಹುದು. ಕುಡಿಯಲು ಮಾತ್ರ ಅದನ್ನು ಬಳಸಬಾರದು. ಆದರೆ ಒಂದು ಎಚ್ಚರಿಕೆ ಅಗತ್ಯ. ಕಟ್ಟಡದಲ್ಲಿ ಕೆಲಸ ಮಾಡುವವರ ಕೈಕಾಲುಗಳಲ್ಲಿ ಸಿಮೆಂಟ್ ಅಥವಾ ಪೈಂಟ್ ಗಟ್ಟಿಯಾಗಿ ಅಂಟಿಕೊಂಡು ಪದರವಾಗಿದ್ದರೆ ನೀರು ಚರ್ಮಕ್ಕೆ ತಲುಪುವುದಿಲ್ಲ. ಅದನ್ನು ತೆಗೆದ ಬಳಿಕವೇ ವುಝೂ ಮಾಡಬೇಕು.

ರಮಝಾನಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಗಾಳಿಯಲ್ಲಿ ಹಾರುವ ಧೂಳು ಗಂಟಲಿಗೆ ಹೋದರೆ ಉಪವಾಸ ಮುರಿಯುವುದೇ? ಹಾದಿಯ ಧೂಳು, ಹಿಟ್ಟು ಜರಡಿ ಹಿಡಿಯುವಾಗ ಏಳುವ ಹುಡಿ ಮುಂತಾದ, ತಪ್ಪಿಸಿಕೊಳ್ಳಲು ಸಾಧ್ಯವಿಲ್ಲದ ವಸ್ತುಗಳು ತಾವಾಗಿ ಗಂಟಲಿಗೆ ಹೋದರೆ ಉಪವಾಸ ಮುರಿಯುವುದಿಲ್ಲವೆಂದು ಹನಫಿ ಮತ್ತು ಶಾಫಿಈ ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಬೇಕೆಂದೇ ನುಂಗಬಾರದು, ಅಷ್ಟೆ. ಧೂಳಿನಿಂದ ಉಬ್ಬಸ ಉಲ್ಬಣಿಸಿದ ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರ್ತಿಗೊಳಿಸುವ ರಿಯಾಯಿತಿಯನ್ನು ಸೂರಃ ಅಲ್-ಬಕರಃದ 185ನೇ ಸೂಕ್ತವು ಕೊಟ್ಟಿದೆ. ಆ ರಿಯಾಯಿತಿಯನ್ನು ನಾಚಿಕೆಯೆಂದು ಭಾವಿಸಿ ಜೀವಕ್ಕೆ ಅಪಾಯ ತಂದುಕೊಳ್ಳುವುದು ತಕ್ವಾ ಅಲ್ಲ.

ಕೆಲವರು ಈ ಧೂಳಿನಿಂದಾಗಿ ವಸ್ವಾಸಿಗೆ ಒಳಗಾಗುತ್ತಾರೆ. ಒಂದೇ ಬಟ್ಟೆಯನ್ನು ಮೂರು ಸಲ ಒಗೆಯುವುದು, ನೆಲ ಒರೆಸುತ್ತಾ ಒರೆಸುತ್ತಾ ಅಸರ್‌ನ ಸಮಯ ಮೀರಿ ಹೋಗುವುದು, ಟ್ಯಾಂಕಿಯ ನೀರೆಲ್ಲ ಮುಗಿಯುವುದು. ಪ್ರವಾದಿವರ್ಯರು(ಸ) ಒಂದು ಮುದ್ದ್‌ನಷ್ಟು, ಅಂದರೆ ಎರಡು ಕೈ ಬೊಗಸೆಯಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಶುಚಿತ್ವಕ್ಕೆ ಈಮಾನಿನ ಅರ್ಧದಷ್ಟು ಸ್ಥಾನ ನೀಡಿದ ಪ್ರವಾದಿಯೇ ನೀರನ್ನು ಹಾಗೆ ಮಿತವಾಗಿ ಬಳಸಿದರು ಎಂಬುದನ್ನು ಮರೆಯಬಾರದು.

ಪ್ರವಾದಿಯ ಮೈಮೇಲಿನ ಧೂಳು

ಧೂಳನ್ನು ಕಂಡು ಮೂಗು ಮುರಿಯುವುದೂ ನಮ್ಮ ಸಂಪ್ರದಾಯವಲ್ಲ. ಮದೀನಾದಲ್ಲಿ ಮಸ್ಜಿದುನ್ನಬವಿಯ ನಿರ್ಮಾಣ ನಡೆಯುತ್ತಿದ್ದಾಗ ಸಹಾಬಿಗಳು ಒಂದೊಂದು ಇಟ್ಟಿಗೆ ಹೊರುತ್ತಿದ್ದರೆ ಹ. ಅಮ್ಮಾರ್(ರ) ಎರಡೆರಡು ಹೊರುತ್ತಿದ್ದರು. ಅದನ್ನು ಕಂಡ ಪ್ರವಾದಿವರ್ಯರು(ಸ) ಅವರ ಮೈಮೇಲಿನ ಧೂಳನ್ನು ತಮ್ಮ ಕೈಯಾರೆ ಕೊಡವಿದರು. ಹಿಜರಿ 5ರಲ್ಲಿ ಕಂದಕ ಅಗೆಯುವಾಗ ಸ್ವತಃ ಪ್ರವಾದಿವರ್ಯರೇ(ಸ) ಮಣ್ಣು ಹೊತ್ತರು, ಅವರ ಹೊಟ್ಟೆಯ ಚರ್ಮವೇ ಕಾಣದಷ್ಟು ಧೂಳು ಮೆತ್ತಿಕೊಂಡಿತ್ತು. ಮಸೀದಿಯ ನೆಲದಲ್ಲಿ ಮಲಗಿ ಬೆನ್ನೆಲ್ಲ ಮಣ್ಣಾಗಿದ್ದ ಹ. ಅಲೀ(ರ) ಅವರ ಮೈಯಿಂದ ಮಣ್ಣನ್ನು ಒರೆಸುತ್ತಾ ಪ್ರವಾದಿವರ್ಯರು(ಸ) ಪ್ರೀತಿಯಿಂದ ಅವರನ್ನು 'ಅಬೂ ತುರಾಬ್' ಎಂದು ಕರೆದರು. ಮಣ್ಣಿನವನು ಎಂಬರ್ಥದ ಆ ಹೆಸರು ಹ. ಅಲೀ(ರ) ಅವರಿಗೆ ಬಹಳ ಪ್ರಿಯವಾಗಿತ್ತು.

ಈ ಮೂರು ಘಟನೆಗಳಲ್ಲಿ ಒಂದು ಪಾಠವಿದೆ. ದುಡಿಯುವವನ ಮೈಮೇಲಿನ ಧೂಳು ಅವಮಾನವಲ್ಲ. ಆದರೆ ಅದನ್ನು ಕಂಡೂ ಕಾಣದಂತಿರುವುದು ಕೂಡ ಪ್ರವಾದಿಚರ್ಯೆಯಲ್ಲ. ಅವರು ಧೂಳನ್ನು ಕಂಡರು, ಕೈ ಚಾಚಿ ಕೊಡವಿದರು.

ಕಟ್ಟಿಸುವವನ ಹೊಣೆ

ಸೂರಃ ಅನ್ನಿಸಾದ 36ನೇ ಸೂಕ್ತದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆಜ್ಞೆಯೊಂದಿಗೇ ಬಂಧುವಾದ ನೆರೆಯವನಿಗೂ ಅಪರಿಚಿತನಾದ ನೆರೆಯವನಿಗೂ ಒಳಿತು ಮಾಡಬೇಕೆಂದು ಆಜ್ಞಾಪಿಸಿದ್ದಾನೆ. ಇಲ್ಲಿ ಧರ್ಮದ ಷರತ್ತಿಲ್ಲ. ಪಕ್ಕದವರು ಹಿಂದೂಗಳಿರಲಿ, ಕ್ರೈಸ್ತರಿರಲಿ, ಅವರ ಹಕ್ಕು ಹಕ್ಕೇ. ತನ್ನ ಉಪಟಳದಿಂದ ನೆರೆಯವನು ಸುರಕ್ಷಿತನಲ್ಲದ ವ್ಯಕ್ತಿಯನ್ನು ಪ್ರವಾದಿವರ್ಯರು(ಸ) ಸತ್ಯವಿಶ್ವಾಸಿಗಳ ಸಾಲಿನಿಂದಲೇ ಹೊರಗಿಟ್ಟು ಮಾತಾಡಿದ್ದಾರೆ. ಆ ಮಾತನ್ನು ಅವರು ಅಲ್ಲಾಹನ ಮೇಲೆ ಆಣೆಯಿಟ್ಟು ಮೂರು ಬಾರಿ ಹೇಳಿದರೆಂದು ಬುಖಾರಿಯಲ್ಲಿದೆ.

ಹಾನಿ ಮಾಡಲೂ ಬಾರದು, ಹಾನಿಗೆ ಪ್ರತಿಯಾಗಿ ಹಾನಿ ಮಾಡಲೂ ಬಾರದು ಎಂಬ ಅರ್ಥದ ಹದೀಸನ್ನು ಫಿಕ್ಹ್ ವಿದ್ವಾಂಸರು ಒಂದು ಮೂಲತತ್ವವಾಗಿ ಸ್ವೀಕರಿಸಿದ್ದಾರೆ. ಈ ತತ್ವ ಬರೇ ಉಪದೇಶವಾಗಿ ಉಳಿಯಲಿಲ್ಲ. ಉಸ್ಮಾನಿಯಾ ಸಾಮ್ರಾಜ್ಯದಲ್ಲಿ 1869ರಿಂದ 1876ರ ನಡುವೆ ಹನಫಿ ಫಿಕ್ಹ್‌ನ ಆಧಾರದಲ್ಲಿ 'ಮಜಲ್ಲಃ' ಎಂಬ ಕಾನೂನು ಸಂಹಿತೆ ರಚನೆಯಾಯಿತು. ಅದರ 1200ನೇ ಕಲಮಿನ ಪ್ರಕಾರ, ಮನೆಯ ಪಕ್ಕದಲ್ಲಿ ಕಮ್ಮಾರಸಾಲೆ ತೆರೆದು ಸುತ್ತಿಗೆಯ ಹೊಡೆತದಿಂದ ನೆರೆಮನೆಯ ಗೋಡೆ ದುರ್ಬಲಗೊಂಡರೆ, ಅಥವಾ ಕುಲುಮೆಯ ಹೊಗೆಯಿಂದ ನೆರೆಯವರು ಅಲ್ಲಿ ವಾಸಿಸಲಾಗದಂತಾದರೆ, ಆ ಹಾನಿಯನ್ನು ನಿವಾರಿಸಲೇಬೇಕು. 'ನನ್ನ ಜಾಗದಲ್ಲಿ ನಾನೇನು ಬೇಕಾದರೂ ಮಾಡುತ್ತೇನೆ' ಎಂಬ ವಾದಕ್ಕೆ ಶರೀಅತಿನಲ್ಲಿ ಎಡೆಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮನೆ ಕಟ್ಟುವುದು ಕಮ್ಮಾರಸಾಲೆಯಂತೆ ಶಾಶ್ವತ ಕೆಲಸವಲ್ಲ, ಕೆಲವು ತಿಂಗಳಿನದು ಎಂಬುದೇನೋ ನಿಜ. ಅನಿವಾರ್ಯವಾದ ಧೂಳನ್ನು ನೆರೆಯವರು ಸಹಿಸಬೇಕಾಗುತ್ತದೆ. ಆದರೆ ತಡೆಯಬಹುದಾದ ಧೂಳನ್ನು ತಡೆಯದಿರುವುದಕ್ಕೆ ಯಾವ ನೆಪವೂ ಇಲ್ಲ. ಅದನ್ನು ತಡೆಯುವ ದಾರಿಗಳು ದುಬಾರಿಯೂ ಅಲ್ಲ:

- ನೆರೆಮನೆಯ ಕಡೆಗೆ ಎತ್ತರವಾಗಿ ಟರ್ಪಾಲು ಅಥವಾ ಹಸಿರು ಬಲೆ ಕಟ್ಟಿಸಿರಿ.
- ಎಂ-ಸ್ಯಾಂಡ್, ಮಣ್ಣು, ಸಿಮೆಂಟ್ ಚೀಲಗಳನ್ನು ಮುಚ್ಚಿಡಿ. ಅವುಗಳನ್ನು ತರುವ ಲಾರಿಗೂ ಹೊದಿಕೆ ಇರಲಿ.
- ಕಲ್ಲು, ಟೈಲ್ಸ್, ಗ್ರಾನೈಟುಗಳನ್ನು ಒಣಗಿದಂತೆಯೇ ಕತ್ತರಿಸಬೇಡಿ, ನೀರು ಬಿಡುತ್ತಾ ಕತ್ತರಿಸಲು ಮೇಸ್ತ್ರಿಗೆ ಹೇಳಿರಿ.
- ಹಳೆಯ ಗೋಡೆ ಕೆಡಹುವ ಮೊದಲು ನೀರು ಹಾಯಿಸಿರಿ. ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ಒಡೆಯದೆ ಇಡಿಯಾಗಿ ಇಳಿಸಿರಿ. ಅದರ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.
- ಬೀದಿಯಲ್ಲಿ ಜಲ್ಲಿ ರಾಶಿ ಹಾಕಿ ದಾರಿ ಕಟ್ಟಬೇಡಿ. ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯಾದರೆ ಅದನ್ನು ತಂದು ಸುರಿಯುವುದು ಏನು?

ಇವು ಕೇವಲ ಸೌಜನ್ಯದ ಮಾತುಗಳಲ್ಲ. ವಾಯುಮಾಲಿನ್ಯ ಮಿತಿ ಮೀರಿದ ನಗರಗಳಲ್ಲಿ ಕಟ್ಟಡ ಕಾಮಗಾರಿಗೆ ತಡೆಗೋಡೆ, ನೀರು ಸಿಂಪರಣೆ, ಮರಳು-ಮಣ್ಣಿಗೆ ಹೊದಿಕೆ ಕಡ್ಡಾಯವೆಂದೂ ತೆರೆದ ಜಾಗದಲ್ಲಿ ಕಲ್ಲು ಕತ್ತರಿಸಬಾರದೆಂದೂ ಕೇಂದ್ರ ಸರಕಾರ 2018ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ದೇಶದ ಕಾನೂನು ಹೇಳುವ ಮೊದಲೇ ಇದನ್ನು ಪಾಲಿಸಬೇಕಾದವನು ಮುಸ್ಲಿಮ್.

ಕೆಲಸ ಆರಂಭಿಸುವ ಮುನ್ನ ಅಕ್ಕಪಕ್ಕದ ಮನೆಗಳಿಗೆ ಹೋಗಿ, "ನಾಳೆಯಿಂದ ಕೆಲಸ ಶುರುವಾಗುತ್ತದೆ, ನಿಮಗೆ ತೊಂದರೆಯಾಗಬಹುದು, ಏನಿದ್ದರೂ ನನ್ನಲ್ಲಿಯೇ ಹೇಳಿ" ಎಂದು ಹೇಳಿ ಬರುವುದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಗಲ್ಫಿನಲ್ಲಿರುವ ಮಗ ಗುತ್ತಿಗೆದಾರನಿಗೆ ಫೋನ್ ಮಾಡುವಾಗ ಸಾರಣೆ ಎಲ್ಲಿಗೆ ತಲುಪಿತೆಂದು ಕೇಳುವ ಜೊತೆಗೆ ಪಕ್ಕದ ಮನೆಯವರು ಹೇಗಿದ್ದಾರೆಂದೂ ಕೇಳಲಿ. ಹೊಣೆಯನ್ನು ಗುತ್ತಿಗೆದಾರನ ತಲೆಗೆ ಕಟ್ಟಿದ ಮಾತ್ರಕ್ಕೆ ಪರಲೋಕದ ವಿಚಾರಣೆ ತಪ್ಪುವುದಿಲ್ಲ. ಕಟ್ಟುತ್ತಿರುವುದು ಮಸೀದಿಯಾದರೂ ಮದ್ರಸವಾದರೂ ನಿಯಮ ಇದೇ. ಅಲ್ಲಾಹನ ಭವನವನ್ನು ಆತನ ದಾಸರ ಉಸಿರು ಕಟ್ಟಿಸಿ ಕಟ್ಟಬೇಕಾಗಿಲ್ಲ.

ಕಾರ್ಮಿಕನನ್ನು ಮರೆಯದಿರಿ

ನೆರೆಮನೆಯವರು ಕಿಟಕಿ ಮುಚ್ಚಬಲ್ಲರು. ಆದರೆ ಕಲ್ಲು ಕತ್ತರಿಸುವ ಯಂತ್ರ ಹಿಡಿದವನಿಗೆ ಮುಚ್ಚಲು ಕಿಟಕಿಯೇ ಇಲ್ಲ. ಗ್ರಾನೈಟ್, ಮರಳು, ಕಾಂಕ್ರೀಟುಗಳಲ್ಲಿ ಸಿಲಿಕಾ ಎಂಬ ವಸ್ತುವಿದೆ. ಅದರ ಕಣ್ಣಿಗೆ ಕಾಣದಷ್ಟು ನುಣುಪಾದ ಧೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ. ಒಮ್ಮೆ ಬಂದರೆ ಅದನ್ನು ಗುಣಪಡಿಸುವ ಮದ್ದಿಲ್ಲ. ಮುಖಕ್ಕೆ ಸುತ್ತಿಕೊಂಡ ಬೈರಾಸು ಈ ಧೂಳನ್ನು ತಡೆಯುವುದಿಲ್ಲ, ಎನ್-95ರಂತಹ ಮಾಸ್ಕ್ ಬೇಕು. ಹಸಿ ಸಿಮೆಂಟ್ ಕ್ಷಾರಗುಣದ್ದಾದುದರಿಂದ ಚರ್ಮವನ್ನು ಸುಡುತ್ತದೆ, ಅದಕ್ಕೆ ಕೈಗವಸು ಬೇಕು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು, ಆ ಬೆವರು ಸುರಿಸುವವನ ಶ್ವಾಸಕೋಶದ ಬಗ್ಗೆಯೂ ಯೋಚಿಸಬೇಡವೇ? ಲಕ್ಷಗಟ್ಟಲೆ ವೆಚ್ಚದ ಮನೆಯಲ್ಲಿ ನಾಲ್ಕು ಮಾಸ್ಕುಗಳಿಗೆ ಲೆಕ್ಕ ಹಾಕುವುದು ಜಿಪುಣತನವಷ್ಟೇ ಅಲ್ಲ, ಅನ್ಯಾಯವೂ ಹೌದು.

ಸಹಿಸುವವನ ಹೊಣೆ

ಈಗ ಧೂಳು ತಿನ್ನುತ್ತಿರುವವನ ಕಡೆಗೆ ಬರೋಣ. ಅವನಿಗೂ ಹೊಣೆಯಿದೆ. ನೆರೆಯವನು ತನ್ನ ಗೋಡೆಗೆ ಮರದ ತೊಲೆ ಊರಲು ಬಯಸಿದರೆ ತಡೆಯಬಾರದೆಂದು ಪ್ರವಾದಿವರ್ಯರು(ಸ) ಹೇಳಿರುವುದನ್ನು ಹ. ಅಬೂ ಹುರೈರಃ(ರ) ವರದಿ ಮಾಡಿದ್ದಾರೆ. ಗೋಡೆಯನ್ನೇ ಹಂಚಿಕೊಳ್ಳಬೇಕಾದಲ್ಲಿ ಸಾರಣೆಗಾಗಿ ನಾಲ್ಕು ದಿನ ನಮ್ಮ ಅಂಗಳದಲ್ಲಿ ಏಣಿ ಇಡಲು ಬಿಡದಿರುವುದು, ಕೇಳಿದಾಗ ಒಂದು ಕೊಡ ನೀರು ಕೊಡದಿರುವುದು ತರವಲ್ಲ. ಅವನ ಮನೆ ಏಳುವುದನ್ನು ಕಂಡು ಒಳಗೊಳಗೆ ಕುದಿಯುವ ಅಸೂಯೆಗೆ ಧೂಳಿನ ನೆಪ ಕೊಡುತ್ತಿಲ್ಲವಷ್ಟೆ ಎಂದು ನಮ್ಮ ಮನಸ್ಸನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.

ಮನೆಯೊಳಗೆ ನಾವೇ ಮಾಡಬಹುದಾದುದೂ ಸಾಕಷ್ಟಿದೆ. ಕಲ್ಲು ಕತ್ತರಿಸುವ ಹೊತ್ತಿನಲ್ಲಿ ಆ ಕಡೆಯ ಕಿಟಕಿಗಳನ್ನು ಮುಚ್ಚಿ, ಕೆಲಸ ನಿಂತ ಬಳಿಕ ತೆರೆಯಿರಿ. ಒಣ ಹಿಡಿಸೂಡಿಯಿಂದ ಗುಡಿಸಿದರೆ ಕುಳಿತ ಧೂಳು ಮತ್ತೆ ಎದ್ದು ಎದೆ ಸೇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು. ಬಾವಿಗೆ ಬಲೆ, ಟ್ಯಾಂಕಿಗೆ ಮುಚ್ಚಳ, ಆಹಾರಕ್ಕೆ ಮುಚ್ಚಿಗೆ ಇರಲಿ. ಬಟ್ಟೆಯನ್ನು ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಒಣಗಿಸಿ ಅಥವಾ ಒಳಗೆ ಹರವಿರಿ. ಉಬ್ಬಸವಿರುವ ಮಕ್ಕಳನ್ನೂ ವೃದ್ಧರನ್ನೂ ಕೆಲಸದ ಜಾಗದಿಂದ ದೂರದ ಕೋಣೆಯಲ್ಲಿ ಮಲಗಿಸಿ, ವೈದ್ಯರು ಹೇಳಿದ ಔಷಧಿಯನ್ನು ಕೈಗೆಟಕುವಂತೆ ಇಡಿ.

ಇಷ್ಟಾದರೂ ತೊಂದರೆ ಮುಂದುವರಿದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಇಸ್ಲಾಮ್ ಹೇಳುವುದಿಲ್ಲ. ನೆರೆಯವನ ಉಪಟಳದ ದೂರು ತಂದ ಒಬ್ಬ ವ್ಯಕ್ತಿಗೆ ಪ್ರವಾದಿವರ್ಯರು(ಸ) ಮೊದಲು ತಾಳ್ಮೆ ವಹಿಸಲು ಹೇಳಿದರು. ಅವನು ಮತ್ತೆ ಮತ್ತೆ ಬಂದಾಗ, ಮನೆಯ ಸಾಮಾನುಗಳನ್ನು ಬೀದಿಯಲ್ಲಿಡಲು ಹೇಳಿದರು. ದಾರಿಹೋಕರು ಕಾರಣ ಕೇಳಿ ತಿಳಿದು ಆ ನೆರೆಯವನನ್ನು ದೂಷಿಸತೊಡಗಿದರು. ಕೊನೆಗೆ ಅವನೇ ಓಡಿ ಬಂದು, ಇನ್ನು ತೊಂದರೆ ಕೊಡುವುದಿಲ್ಲ, ಮನೆಗೆ ಮರಳು ಎಂದು ಬೇಡಿಕೊಂಡನು. ಈ ಘಟನೆ ಅಬೂ ದಾವೂದ್‌ನಲ್ಲಿದೆ. ಇದರ ಕ್ರಮವನ್ನು ಗಮನಿಸಿರಿ. ಮೊದಲು ತಾಳ್ಮೆ, ಬಳಿಕ ಬೈಗುಳವಿಲ್ಲದ, ಹೊಡೆದಾಟವಿಲ್ಲದ ಬಹಿರಂಗ ಪ್ರತಿಭಟನೆ. ನಾವೂ ಮೊದಲು ಏಕಾಂತದಲ್ಲಿ ಮೃದುವಾಗಿ ಹೇಳೋಣ. ಆಗದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಅಥವಾ ಜಮಾಅತಿನ ಮೂಲಕ ಹೇಳಿಸೋಣ. ಅದೂ ಆಗದಿದ್ದರೆ ಗ್ರಾಮ ಪಂಚಾಯತಿಗೋ ನಗರಸಭೆಗೋ ಲಿಖಿತ ದೂರು ಕೊಡೋಣ. ನಮ್ಮ ಮನೆಯ ಕಸವನ್ನು ಅವನ ಅಂಗಳಕ್ಕೆ ಎಸೆಯುವ, ಅವನ ನೀರಿನ ಪೈಪು ಕತ್ತರಿಸುವ ಹಕ್ಕು ಮಾತ್ರ ನಮಗಿಲ್ಲ. ಹಾನಿಗೆ ಪ್ರತಿಯಾಗಿ ಹಾನಿ ಸಲ್ಲದು.

ಇನ್ನೊಂದು ಮಾತು. ತಾಳ್ಮೆಯ ಉಪದೇಶ ನೀಡಬೇಕಾದುದು ಧೂಳು ತಿನ್ನುವವನು ತನಗೆ ತಾನೇ. ಧೂಳು ಎಬ್ಬಿಸುವವನು ನೆರೆಯವನಿಗೆ "ಸಬರ್ ಮಾಡಿ" ಎಂದು ಹೇಳುವುದು ಸಬರ್‌ನ ದುರುಪಯೋಗ. ಅವನು ಹೇಳಬೇಕಾದುದು "ಕ್ಷಮಿಸಿ" ಎಂದು, ಮಾಡಬೇಕಾದುದು ಟರ್ಪಾಲು ಕಟ್ಟುವ ಕೆಲಸ.

ಇಂದು ಧೂಳು ತಿನ್ನುವವನು ನಾಳೆ ತಾನೂ ಮನೆ ಕಟ್ಟಿಸಬಹುದು. ಇಂದು ಕಟ್ಟಿಸುವವನು ನಾಳೆ ಇನ್ನೊಬ್ಬನ ಧೂಳು ತಿನ್ನಬೇಕಾದೀತು. ನೆರೆಯವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೋ ಎಂದು ತಮಗೆ ಅನ್ನಿಸುವಷ್ಟರ ಮಟ್ಟಿಗೆ ಜಿಬ್ರೀಲ್(ಅ) ಅವನ ಬಗ್ಗೆ ಒತ್ತಿ ಒತ್ತಿ ಹೇಳುತ್ತಿದ್ದರೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಂತಹ ನೆರೆಯವನ ಪ್ರಾರ್ಥನೆಯೊಂದಿಗೆ ಗೃಹಪ್ರವೇಶವಾಗುವ ಮನೆಯಲ್ಲಿ ಬರಕತ್ ಇರುತ್ತದೆ, ಅವನ ನಿಟ್ಟುಸಿರಿನ ಮೇಲೆ ಎದ್ದ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು?

ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ಅಲ್ಲಾಹನು ಶುಚಿಯಾಗಿಡಲಿ, ನೆರೆಹೊರೆಯವರ ಹಕ್ಕುಗಳನ್ನು ಅರಿತು ಪಾಲಿಸುವ ಭಾಗ್ಯವನ್ನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.